ನೋಡದೆ ಕೊಳ್ಳುವ ಹಳೆಯ ಕಾರು: ಫೋಟೋ, ಮಿಸ್ತ್ರಿ, ಸ್ವಂತ ಕಣ್ಣು – ಯಾವುದನ್ನು ನಂಬಿ ಹಣ ಕೊಡಬೇಕು?

ಹುಬ್ಬಳ್ಳಿ-ಧಾರವಾಡದ ಪರಿಚಿತರು ಇತ್ತೀಚೆಗೆ ನನ್ನ ಮುಂದೆ ಹಿಡಿಯುವ ಮೊಬೈಲ್ ಪರದೆಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಚಿತ್ರಗಳಿರುತ್ತವೆ. ಕೊಯಮತ್ತೂರಿನ ಯಾವುದೋ ಅಂಗಳದಲ್ಲಿ ನಿಂತ ಕೆನೆಬಣ್ಣದ ಫಿಯೆಟ್, ಮಡಗಾಂವದ ತೆಂಗಿನ ಮರದಡಿಯ ಪದ್ಮಿನಿ, ಕೋಲ್ಕತ್ತಾದಿಂದ ಮಾರಾಟಕ್ಕಿರುವ ಅಂಬಾಸಿಡರ್. ಬೆಲೆ ಕೈಗೆಟುಕುವಂತಿರುತ್ತದೆ, ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ‘ಇಂದೇ ಮುಂಗಡ ಕೊಟ್ಟವರಿಗೆ ಗಾಡಿ’ ಎಂಬ ಸಾಲೂ ಇರುತ್ತದೆ. ಅದರ ಜೊತೆ ಬರುವ ಪ್ರಶ್ನೆಯೂ ಒಂದೇ: “ಹೋಗಿ ನೋಡಿ ಬರಾಕ ಎರಡು ದಿನ ರಜಾ ಬೇಕ್ರಿ, ಅಷ್ಟರಾಗ ಯಾರರೆ ಎತ್ತಿಕೊಂಡು ಹೋದ್ರ ಏನ್ ಮಾಡೂದು?”

ಈ ಅವಸರ ನನಗೆ ಅರ್ಥವಾಗುತ್ತದೆ. ಎಂಟು ವರ್ಷಗಳ ಹಿಂದೆ ನಾನೂ ಅದೇ ಅವಸರದಲ್ಲಿ, ಕರಾವಳಿಯ ಒಂದು ಊರಿನಲ್ಲಿದ್ದ 1978ರ ಪದ್ಮಿನಿಯನ್ನು ಹದಿನಾಲ್ಕು ಫೋಟೋ ನೋಡಿ ₹1,20,000ಕ್ಕೆ ಕೊಂಡೆ. ಅದರ ತಗಡಿನ ಕೆಲಸಕ್ಕೆ ಮುಂದೆ ₹90,000 ಹಣವೂ ಎಂಟು ತಿಂಗಳ ಕಾಲವೂ ಹೋದವು. ಆ ಲೆಕ್ಕ ಕಲಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಹಳೆಯ ಕಾರಿನಲ್ಲಿ ಫೋಟೋಕ್ಕೆ ಕಾಣುವ ಬಣ್ಣ, ಸೀಟು, ಕ್ರೋಮ್ ಪಟ್ಟಿಗಳೆಲ್ಲ ಅಗ್ಗವಾಗಿ ಸರಿಯಾಗುವಂಥವು. ಗಾಡಿಯ ತಳ, ಬಾಗಿಲ ಕೆಳಗಿನ ತಗಡು, ಆರ್‌ಸಿ ಪುಸ್ತಕದ ಹಿಂದಿನ ಕಥೆ ಇವು ಫೋಟೋಕ್ಕೆ ಸಿಗುವುದಿಲ್ಲ, ತುಟ್ಟಿಯಾಗುವುದೂ ಇವೇ. ಆದ್ದರಿಂದ ಯಾವ ದಾರಿಯಲ್ಲಿ ಕೊಳ್ಳಬೇಕೆಂಬ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು, ಹಣ ಕೈಬಿಡುವ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡುವವರು ಯಾರು ಮತ್ತು ಅವರು ಯಾರ ಪರವಾಗಿ ನೋಡುತ್ತಾರೆ ಎಂಬುದರ ಮೇಲೆ.

ನಮ್ಮ ಭಾಗದ ಖರೀದಿದಾರರ ಮುಂದೆ ಸಾಮಾನ್ಯವಾಗಿ ಐದು ದಾರಿಗಳಿವೆ. ಫೋಟೋ ನೋಡಿ ನೇರವಾಗಿ ಕೊಳ್ಳುವುದು ಒಂದು. ಗಾಡಿ ಇರುವ ಊರಿನಲ್ಲೇ ಒಬ್ಬ ಮಿಸ್ತ್ರಿಯಿಂದ ಪರೀಕ್ಷೆ ಮಾಡಿಸುವುದು ಎರಡನೆಯದು. ನಮ್ಮ ಮಿಸ್ತ್ರಿಯನ್ನು ಕರೆದುಕೊಂಡು ನಾವೇ ಹೋಗುವುದು ಮೂರನೆಯದು. ಹಳೆಯ ಗಾಡಿಗಳನ್ನು ಸಿದ್ಧಪಡಿಸಿ ಮಾರುವವರಿಂದ ಪಡೆಯುವುದು ನಾಲ್ಕನೆಯದು. ಆನ್‌ಲೈನ್ ಹುಡುಕಾಟವನ್ನೇ ಬಿಟ್ಟು ನಮ್ಮ ಜಿಲ್ಲೆಗಳ ಶೆಡ್ಡುಗಳಲ್ಲಿ ನಿಂತಿರುವ ಗಾಡಿಯನ್ನು ಹುಡುಕುವುದು ಐದನೆಯದು. ಇವನ್ನು ತೂಗುವುದಕ್ಕೆ ಮುಂಚೆ ಅಳತೆಗೋಲುಗಳನ್ನು ಇಟ್ಟುಕೊಳ್ಳಬೇಕು. ಅದಕ್ಕೂ ಮುಂಚೆ ಒಂದು ಪದವನ್ನು ಸರಿಪಡಿಸಿಕೊಳ್ಳಬೇಕು.

ವಿಂಟೇಜ್ ಎಂದರೆ ಯಾವುದು?

ಜಾಹೀರಾತುಗಳಲ್ಲಿ ಇಪ್ಪತ್ತೈದು ವರ್ಷ ದಾಟಿದ ಪ್ರತಿಯೊಂದು ಕಾರೂ ‘ವಿಂಟೇಜ್’. ಹವ್ಯಾಸಿಗಳು ಕಟ್ಟುನಿಟ್ಟಾಗಿ ಹೇಳುವಾಗ 1919ರಿಂದ 1930ರ ನಡುವೆ ತಯಾರಾದವನ್ನು ಮಾತ್ರ ಹಾಗೆ ಕರೆಯುತ್ತಾರೆ, ನಂತರದವು ಅವರ ಮಾತಿನಲ್ಲಿ ಕ್ಲಾಸಿಕ್. ಖರೀದಿದಾರರಿಗೆ ಮುಖ್ಯವಾದದ್ದು ಕಾನೂನಿನ ಅರ್ಥ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿರುವ, ಚಾಸಿ, ಬಾಡಿ ಮತ್ತು ಇಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಮಾಡಿರದ ಗಾಡಿ ಮಾತ್ರ ವಿಂಟೇಜ್. ಅದಕ್ಕೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಸಂಖ್ಯೆಯ ವ್ಯವಸ್ಥೆಯಿದೆ, ಹೊಸ ನೋಂದಣಿಯ ಶುಲ್ಕ ₹20,000, ಅವಧಿ 10 ವರ್ಷ. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಅವಕಾಶವಿಲ್ಲ. ಹೀಗಾಗಿ “ವಿಂಟೇಜ್ ಗಾಡಿ ಸರ್, ಯಾವ ಕಾಗದಪತ್ರದ ತೊಂದರೆಯೂ ಇಲ್ಲ” ಎಂದು ಮಾರುವವರು 1985ರ ಗಾಡಿಯ ಬಗ್ಗೆ ಹೇಳುತ್ತಿದ್ದರೆ, ಆ ಮಾತಿಗೆ ಕಾನೂನಿನಲ್ಲಿ ನೆಲೆಯಿಲ್ಲ. ಪ್ರತಿ ಭಾನುವಾರ ಉಣಕಲ್ ಕೆರೆಯವರೆಗೆ ಓಡಿಸುವ ಆಸೆಯಿರುವವರು ಸಾಮಾನ್ಯ ನೋಂದಣಿ ಚಾಲ್ತಿಯಲ್ಲಿರುವ ಗಾಡಿಯನ್ನೇ ಹುಡುಕಬೇಕು.

ಮೊದಲ ಅಳತೆ: ತಗಡು

ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಪದ್ಮಿನಿಯ 1089 ಸಿಸಿ ಇಂಜಿನ್ನನ್ನಾಗಲೀ ಅಂಬಾಸಿಡರ್‌ನ 1489 ಸಿಸಿ ಇಂಜಿನ್ನನ್ನಾಗಲೀ ಕಣ್ಣು ಮುಚ್ಚಿ ಕಟ್ಟಬಲ್ಲ ಹಿರಿಯ ಮಿಸ್ತ್ರಿಗಳು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದಾರೆ. ತಗಡಿನ ವಿಷಯ ಹಾಗಲ್ಲ. ಈ ಎರಡೂ ಗಾಡಿಗಳಿಗೆ ಪ್ರತ್ಯೇಕ ಚಾಸಿಯ ಚೌಕಟ್ಟಿಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ನೆಲದ ತಗಡು, ಹಿಂದಿನ ಕಮಾನು ಪಟ್ಟಿಗಳು ಕೂಡುವ ಜಾಗ ಇವು ತುಕ್ಕು ಹಿಡಿದರೆ ಸೌಂದರ್ಯದ ಜೊತೆ ಗಾಡಿಯ ಬಲವೂ ಹೋಯಿತೆಂದೇ ಲೆಕ್ಕ. 1961ರಿಂದ 1971ರವರೆಗೆ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಪ್ರತ್ಯೇಕ ಚಾಸಿಯಿದೆ. ಅಲ್ಲಿ ಬಾಡಿಯನ್ನು ಎತ್ತಿಟ್ಟು ಕೆಲಸ ಮಾಡಬಹುದು, ಆದರೆ ಚಾಸಿಯನ್ನೂ ಬೇರೆಯಾಗಿ ಪರೀಕ್ಷಿಸಬೇಕು.

ನನ್ನ ಪದ್ಮಿನಿ ಬಂದ ರಾತ್ರಿ ಲಾರಿ ಗಬ್ಬೂರು ಬೈಪಾಸಿನ ಬಳಿ ನಿಂತಿತ್ತು. ಟಾರ್ಚಿನ ಬೆಳಕಿನಲ್ಲಿ ಗಾಡಿ ಫೋಟೋದಲ್ಲಿದ್ದಂತೆಯೇ ಹೊಳೆಯಿತು. ಮರುದಿನ ಬೆಳಿಗ್ಗೆ ಕಾರವಾರ ರಸ್ತೆಯ ಗ್ಯಾರೇಜಿನಲ್ಲಿ ಮಿಸ್ತ್ರಿ ಬಾಗಿಲು ತೆಗೆಯಲೂ ಇಲ್ಲ, ಬಾನೆಟ್ ಎತ್ತಲೂ ಇಲ್ಲ. ನೆಲಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ಅಂಚನ್ನು ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ಬಡಿಯುತ್ತ ಹೋದರು. ಒಂದು ಗೇಣಿನಷ್ಟು ದೂರ ಲೋಹದ ಸದ್ದು ಬಂತು. ಆಮೇಲೆ ಒಣಗಿದ ಕುಂಬಳಕಾಯಿಯನ್ನು ಬಡಿದಂಥ ಮಂದ ಸದ್ದು. ಸ್ಕ್ರೂಡ್ರೈವರನ್ನು ತಿರುಗಿಸಿ ಮೊನೆಯನ್ನು ಅಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದಾಗ ಬಣ್ಣದ ಪೊರೆ ಬಿರುಕು ಬಿಟ್ಟು, ಅದರ ಹಿಂದೆ ತೂತು ಮುಚ್ಚಲು ಮೆತ್ತಿದ್ದ ಬೆರಳು ದಪ್ಪದ ಪುಟ್ಟಿ ಒಣಗಿದ ಸುಣ್ಣದಂತೆ ಉದುರಿತು. ಪುಟ್ಟಿಯ ಹಿಂದೆ ತುರುಕಿದ್ದ ತಂತಿಜಾಲ, ಅದರ ಹಿಂದೆ ಕೆಂಪು ಪುಡಿ. ಮೊನೆ ಹಿಡಿಯವರೆಗೂ ಒಳಗೆ ಹೋಯಿತು. “ಸರ್ರ, ಬಣ್ಣಾ ನೋಡಿ ತಗೊಂಡ್ರೇನ್ರಿ? ಒಳಗ ತಗಡ ಇಲ್ಲಲ್ರಿ” ಎಂದರು. ಆ ಧ್ವನಿಯಲ್ಲಿ ಟೀಕೆಗಿಂತ ನೋವೇ ಹೆಚ್ಚಿತ್ತು.

ಆ ಪರೀಕ್ಷೆಗೆ ಎರಡು ನಿಮಿಷ ಸಾಕಾಗಿತ್ತು, ಯಾವ ಯಂತ್ರವೂ ಬೇಕಾಗಿರಲಿಲ್ಲ. ತೆಳುವಾದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲ ಕೆಳಭಾಗ, ಗಾಲಿಗಳ ಮೇಲಿನ ಕಮಾನು, ಡಿಕ್ಕಿಯ ಅಂಚು ಇವುಗಳ ಮೇಲೆ ಸರಿಸಿದರೆ, ಪುಟ್ಟಿ ದಪ್ಪವಿದ್ದಲ್ಲಿ ಅದು ಹಿಡಿಯದೆ ಜಾರುತ್ತದೆ. ಮುಟ್ಟದೆ ಇದನ್ನು ತಿಳಿಯಲು ಸಾಧ್ಯವೇ ಇಲ್ಲ ಎಂಬುದನ್ನು ಮುಂದೆ ಐದು ದಾರಿಗಳನ್ನು ತೂಗುವಾಗ ನೆನಪಿಟ್ಟುಕೊಳ್ಳಬೇಕು. ಗಾಡಿ ಬಾಳಿದ ಊರು ಸಹ ಒಂದು ಸುಳಿವು. ಗೋವಾ, ಮಂಗಳೂರು, ಮುಂಬಯಿಗಳ ಉಪ್ಪುಗಾಳಿಯಲ್ಲಿ ಮೂವತ್ತು ವರ್ಷ ನಿಂತ ಗಾಡಿಗಿಂತ ಗದಗ, ರೋಣ, ವಿಜಯಪುರದ ಒಣ ಹವೆಯಲ್ಲಿ ನಿಂತ ಗಾಡಿಯ ತಗಡು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ.

ಎರಡನೆಯ ಅಳತೆ: ಕಾಗದಪತ್ರ

ತಗಡಿಗಿಂತ ಅಪಾಯದ್ದು ಇದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ತಗಡನ್ನು ಹಣ ಕೊಟ್ಟಾದರೂ ಬೆಸೆಯಬಹುದು. ಆರ್‌ಸಿಯಲ್ಲಿರುವ ಇಂಜಿನ್ ಸಂಖ್ಯೆಗೂ ಗಾಡಿಯ ಮೇಲಿನ ಸಂಖ್ಯೆಗೂ ತಾಳೆಯಾಗದಿದ್ದರೆ ಹೆಸರು ಬದಲಾವಣೆಯೇ ನಿಂತುಹೋಗುತ್ತದೆ. ಪೆಟ್ರೋಲ್ ಗಾಡಿಗಳಿಗೆ ಡೀಸೆಲ್ ಇಂಜಿನ್ ಕೂಡಿಸುವುದು ಒಂದು ಕಾಲದಲ್ಲಿ ಸರ್ವೇಸಾಮಾನ್ಯವಾಗಿತ್ತು, ಅದನ್ನು ಆರ್‌ಸಿಯಲ್ಲಿ ನಮೂದಿಸದೆ ಬಿಟ್ಟವರೂ ಇದ್ದರು.

ಸಾಮಾನ್ಯ ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ₹5,000 ಆಯಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ₹10,000ಕ್ಕೆ ಏರಿತು. ತಡವಾದ ಪ್ರತಿ ತಿಂಗಳಿಗೆ ₹500ರ ಹೆಚ್ಚುವರಿ ಶುಲ್ಕವೂ ಸೇರುತ್ತದೆ. ‘ಎಫ್‌ಸಿ (ನವೀಕರಣದ ಫಿಟ್‌ನೆಸ್ ಪರೀಕ್ಷೆ) ಒಂದು ಆಗಬೇಕು, ಅಷ್ಟೇ’ ಎಂದು ಮಾರುವವರು ಹಗುರವಾಗಿ ಹೇಳುವಾಗ ಆ ‘ಅಷ್ಟೇ’ ಎಷ್ಟು ವರ್ಷಗಳದ್ದೆಂದು ಕೇಳಿ, ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಬೇಕು. ಹೊರರಾಜ್ಯದ ಗಾಡಿಗೆ ಅಲ್ಲಿನ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. ಅದನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಕರ್ನಾಟಕದ ಸಂಖ್ಯೆ ಪಡೆಯಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಆ ಮೊತ್ತ ಎಷ್ಟಾಗುತ್ತದೆಂದು ಗಾಡಿಯ ವಿವರಗಳ ಸಮೇತ ನಮ್ಮ ಆರ್‌ಟಿಒ ಕಚೇರಿಯಲ್ಲಿ ಮುಂಚೆಯೇ ವಿಚಾರಿಸುವುದು ಒಳ್ಳೆಯದು.

ದೆಹಲಿಯ ಗಾಡಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಮತ್ತು 10 ವರ್ಷ ದಾಟಿದ ಡೀಸೆಲ್ ವಾಹನಗಳನ್ನು ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014–15ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದಾಚೆಗೆ ಆ ಕಡೆಯ ಹಳೆಯ ಗಾಡಿಗಳು ಅಗ್ಗಕ್ಕೆ ಜಾಹೀರಾತಿಗೆ ಬರುತ್ತವೆ. ಅವುಗಳಲ್ಲಿ ಕೆಲವದರ ನೋಂದಣಿಯೇ ರದ್ದಾಗಿರುತ್ತದೆ. ಅಂಥ ಗಾಡಿಗೆ ಎನ್‌ಒಸಿ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕಳಿಸಬಾರದು.

ಟ್ಯಾಕ್ಸಿಯಾಗಿ ದುಡಿದ ಗಾಡಿಗಳೂ ಖಾಸಗಿ ವೇಷದಲ್ಲಿ ಬರುತ್ತವೆ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು, ಕೋಲ್ಕತ್ತಾದ ಹಳದಿ ಅಂಬಾಸಿಡರ್‌ಗಳೂ ಒಂದೊಂದಾಗಿ ರಸ್ತೆ ಬಿಡುತ್ತಿವೆ. ಡಿಕ್ಕಿಯ ಕಾರ್ಪೆಟ್ ಎತ್ತಿ, ಬಾಗಿಲಿನ ಒಳರೆಕ್ಕೆಯ ರಬ್ಬರ್ ಸರಿಸಿ ನೋಡಿದರೆ ಹಳೆಯ ಬಣ್ಣ ಕಾಣುತ್ತದೆ. ಆರ್‌ಸಿಯಲ್ಲಿ ವಾಹನದ ವರ್ಗ ಏನೆಂದು ಬರೆದಿದೆ ಎಂಬುದಂತೂ ಸುಳ್ಳು ಹೇಳುವುದಿಲ್ಲ.

ಉಳಿದ ಅಳತೆಗಳನ್ನು ಬೇಗ ಹೇಳಬಹುದು. ಗಾಡಿ ಎಷ್ಟರಮಟ್ಟಿಗೆ ಮೂಲ ರೂಪದಲ್ಲಿದೆ ಎಂಬುದು ಒಂದು. ನಂತರದ ಮಾದರಿಯ ಅಂಬಾಸಿಡರ್‌ಗೆ ಮೊದಲ ಮಾದರಿಯಾದ ಮಾರ್ಕ್ 1ರ ಮುಂಭಾಗದ ಜಾಲರಿ ಕೂಡಿಸಿ ಮಾರುವುದುಂಟು. ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ಒಂದು ಗಂಟೆ ಕಳೆದು ಬಂದವರಿಗೆ ಜೋಪಾನವಾಗಿಟ್ಟ ಗಾಡಿ ಹೇಗಿರುತ್ತದೆಂಬ ಕಣ್ಣು ಬರುತ್ತದೆ. ವ್ಯವಹಾರ ಕೆಟ್ಟರೆ ಹಣ ವಾಪಸ್ ಬರುವ ಸಾಧ್ಯತೆ ಎಷ್ಟು ಎಂಬುದು ಇನ್ನೊಂದು. ಕೊನೆಯದು, ಮನೆಬಾಗಿಲಿಗೆ ಬರುವವರೆಗಿನ ಒಟ್ಟು ಖರ್ಚು.

ಐದು ದಾರಿಗಳ ತೂಕ

ಫೋಟೋ ನೋಡಿ ಕೊಳ್ಳುವ ದಾರಿಯಲ್ಲಿ ತಗಡಿನ ಅಳತೆ ಪೂರ್ತಿ ಕುರುಡು, ಕಾಗದಪತ್ರದ್ದು ಅರೆಗುರುಡು. ಹಣದ ವಿಷಯದಲ್ಲಿ ಇದು ಎಲ್ಲಕ್ಕಿಂತ ದುರ್ಬಲ. ಮಾರಿದವರು ವ್ಯಾಪಾರಿಯಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಆದರೆ ತನ್ನ ಮನೆಯ ಗಾಡಿಯನ್ನು ಒಮ್ಮೆ ಮಾರಿದ ಖಾಸಗಿ ವ್ಯಕ್ತಿಯನ್ನು ಆ ಕಾಯ್ದೆಯಡಿ ಹಿಡಿಯುವುದು ಕಷ್ಟ, ಸಿವಿಲ್ ನ್ಯಾಯಾಲಯವೇ ಗತಿ. ‘ಇದ್ದಲ್ಲಿ ಇದ್ದಂತೆ’ ಎಂಬ ಷರತ್ತಿನ ಆನ್‌ಲೈನ್ ಹರಾಜೂ ಇದೇ ಗುಂಪಿನದು, ಅದರ ಜೊತೆ ಹರಾಜಿನವರ ಶುಲ್ಕ ಬೇರೆ.

ಆದರೂ ಈ ದಾರಿಯನ್ನು ಸಂಪೂರ್ಣ ತಳ್ಳಿಹಾಕುವುದಿಲ್ಲ. ಬೆಲೆ ಎಷ್ಟು ಕಡಿಮೆಯಿದೆಯೆಂದರೆ, ಗಾಡಿ ಪೂರ್ತಿ ಕೆಟ್ಟಿದ್ದರೂ ಅದರ ಗಾಜು, ಬಾಗಿಲು, ಗೇರ್‌ಬಾಕ್ಸ್, ಲಾಂದ್ರಗಳಿಂದಲೇ ನಮ್ಮ ಇನ್ನೊಂದು ಗಾಡಿಗೆ ಉಪಯೋಗವಾಗುತ್ತದೆ ಎನ್ನುವಂಥವರಿಗೆ ಇದು ಸರಿಯಾದ ದಾರಿಯೇ. ಉಳಿದವರು ಇದನ್ನು ಮೊದಲ ಜರಡಿಯಾಗಿ ಮಾತ್ರ ಬಳಸಬೇಕು. ಮಾರುವವರಿಗೆ ತಣ್ಣಗಿನ ಇಂಜಿನ್ನನ್ನು ಮೊದಲ ಬಾರಿಗೆ ಚಾಲೂ ಮಾಡುವ ವಿಡಿಯೋ ಕೇಳಿ. ಅದರಲ್ಲಿ ಚಾಲೂ ಮಾಡುವ ಮುಂಚೆ ಇಂಜಿನ್ ಮೇಲೆ ಕೈಯಿಟ್ಟು ತೋರಿಸಲಿ, ಆಮೇಲೆ ಕ್ಯಾಮೆರಾವನ್ನು ಸೈಲೆನ್ಸರ್ ಕಡೆ ಹಿಡಿಯಲಿ. ನೀಲಿ ಹೊಗೆ ಆಯಿಲ್ ಸುಡುವುದನ್ನು ಹೇಳುತ್ತದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಸಿಲಿಂಡರಿಗೆ ನೀರು ಇಳಿಯುವುದನ್ನು ಹೇಳುತ್ತದೆ. ಕಪ್ಪು ಹೊಗೆ ಬಹುತೇಕ ಕಾರ್ಬ್ಯುರೇಟರಿನ ದೋಷ, ಅಷ್ಟು ಹೆದರಬೇಕಾಗಿಲ್ಲ. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆಸಿದ ಚಹಾದಂಥ ಜಿಡ್ಡಿದೆಯೇ ತೋರಿಸಲಿ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆಯ ಫೋಟೋ ಕೇಳಿ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು. ‘ಹೊಸ ಟೈರ್ ಹಾಕಿಸಿದ್ದೇನೆ’ ಎಂಬ ಮಾತಿನ ಸತ್ಯ ಅಲ್ಲೇ ತಿಳಿಯುತ್ತದೆ, ಮಾರುವವರ ಉಳಿದ ಮಾತುಗಳನ್ನು ಎಷ್ಟು ನಂಬಬಹುದೆಂಬುದೂ ತಿಳಿಯುತ್ತದೆ. ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆ, ಆರ್‌ಸಿಯ ಎರಡೂ ಬದಿ, ಗಾಡಿಯ ತಳ ಇವುಗಳ ಫೋಟೋ ಕೊಡಲು ಹಿಂಜರಿಯುವವರನ್ನು ಅಲ್ಲಿಗೇ ಬಿಟ್ಟುಬಿಡುವುದು ಲೇಸು. ಹತ್ತು ಗಾಡಿಗಳ ಪೈಕಿ ಎಂಟು ಈ ಜರಡಿಯಲ್ಲೇ ನಿಲ್ಲುತ್ತವೆಂಬುದು ನನ್ನ ಅನುಭವ.

ಗಾಡಿ ಇರುವ ಊರಿನಲ್ಲೇ ಪರೀಕ್ಷೆ ಮಾಡಿಸುವುದು ನಡುವಿನ ದಾರಿ. ದೂರದ ಗಾಡಿಗಳಿಗೆ, ಅಂದರೆ ಚೆನ್ನೈ, ಕೋಲ್ಕತ್ತಾ, ಕೊಯಮತ್ತೂರುಗಳಿಗೆ, ಖರ್ಚಿನ ದೃಷ್ಟಿಯಿಂದ ಇದೇ ಅನುಕೂಲ. ಇದರಲ್ಲಿ ಎರಡು ಎಚ್ಚರಿಕೆಗಳು ಬೇಕು. ಬಳಸಿದ ಕಾರುಗಳನ್ನು ಪರೀಕ್ಷಿಸಿ ವರದಿ ಕೊಡುವ ಕಂಪನಿಗಳ ಪಟ್ಟಿ ಇಂದಿನ ಗಾಡಿಗಳಿಗಾಗಿ ಮಾಡಿದ್ದು. ಎಸಿ, ಏರ್‌ಬ್ಯಾಗ್, ಸೆನ್ಸರ್‌ಗಳ ಸಾಲಿಗೆ ಗುರುತು ಹಾಕಿ ಬರುವ ಹುಡುಗನಿಗೆ ಕಿಂಗ್‌ಪಿನ್ (ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಕೀಲು) ಸವೆದಿದೆಯೇ ಎಂದು ನೋಡಲು ಮುಂದಿನ ಗಾಲಿಯನ್ನು ಜಾಕ್ ಮೇಲೆ ಎತ್ತಿ ಮೇಲೆ-ಕೆಳಗೆ ಹಿಡಿದು ಅಲುಗಿಸಬೇಕೆಂಬುದು ಗೊತ್ತಿರುವುದಿಲ್ಲ. ಆದ್ದರಿಂದ ಆ ಊರಿನ ಹಳೆಯ ಗ್ಯಾರೇಜಿನ ಹಿರಿಯ ಮಿಸ್ತ್ರಿಯೇ ಬೇಕು, ಅವರ ವಿಳಾಸವನ್ನು ನಮ್ಮ ಮಿಸ್ತ್ರಿಯಿಂದಲೋ ಅದೇ ಗಾಡಿ ಇಟ್ಟುಕೊಂಡ ಹವ್ಯಾಸಿಯಿಂದಲೋ ಪಡೆಯಬೇಕು. ಎರಡನೆಯದು, ಮಾರುವವರೇ ‘ನಮ್ಮ ಮೆಕ್ಯಾನಿಕ್ ಇದ್ದಾರೆ, ಅವರನ್ನೇ ಕೇಳಿ’ ಎಂದರೆ ಒಪ್ಪಬಾರದು. ಪರೀಕ್ಷೆಯ ಕೂಲಿಯನ್ನು ನಾವೇ ಕೊಡಬೇಕು, ಗಾಡಿ ಬೇಡವೆಂದಾದರೂ ಪೂರ್ತಿ ಕೊಡಬೇಕು, ಮತ್ತು ಅದನ್ನು ಮೊದಲೇ ಹೇಳಿಬಿಡಬೇಕು. ವ್ಯವಹಾರ ಆದರೆ ಮಾತ್ರ ಕಮಿಷನ್ ಎಂದಾದರೆ ಆ ಮನುಷ್ಯ ಎಷ್ಟೇ ಒಳ್ಳೆಯವನಾಗಿದ್ದರೂ ಮನಸ್ಸು ಮಾರಾಟದ ಕಡೆಗೆ ವಾಲುತ್ತದೆ. ಪರೀಕ್ಷೆ ನಡೆಯುವಾಗ ವಿಡಿಯೋ ಕರೆಯಲ್ಲಿ ನಾವೂ ಇದ್ದು, ಅಯಸ್ಕಾಂತ ಎಲ್ಲೆಲ್ಲಿ ಜಾರಿತೆಂದು ನೋಡಬೇಕು.

ಮೂರನೆಯ ದಾರಿ, ನಮ್ಮ ಮಿಸ್ತ್ರಿಯ ಜೊತೆ ನಾವೇ ಹೋಗುವುದು. ಇದರ ಖರ್ಚನ್ನು ಜನ ಹೆಚ್ಚಾಗಿ ಊಹಿಸಿಕೊಳ್ಳುತ್ತಾರೆ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410 ಕಿಲೋಮೀಟರ್, ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಗಾಡಿಯ ಮುಂದೆ ನಿಂತಿರಬಹುದು. ಪುಣೆಯೂ ಹೆಚ್ಚುಕಡಿಮೆ ಅಷ್ಟೇ ದೂರ, ಗೋವಾ ಅದರ ಅರ್ಧಕ್ಕಿಂತ ಕಡಿಮೆ. ಇಬ್ಬರ ಪ್ರಯಾಣ, ಊಟ, ಮಿಸ್ತ್ರಿಯ ಎರಡು ದಿನದ ಕೂಲಿ ಎಲ್ಲ ಸೇರಿಸಿದರೂ ಎರಡು ಲಕ್ಷದ ಗಾಡಿಯ ಮುಂದೆ ಅದು ಸಣ್ಣ ಮೊತ್ತ, ಮತ್ತು ಗಾಡಿಯ ಮುಂದೆ ನಿಂತು ಚೌಕಾಸಿ ಮಾಡಿದಾಗ ಬಹಳ ಸಲ ಅಷ್ಟು ಹಣ ಬೆಲೆಯಲ್ಲೇ ಇಳಿಯುತ್ತದೆ. ನಾಳೆ ಆ ಗಾಡಿಯ ಕೆಲಸ ಮಾಡುವವರೇ ಇಂದು ನೋಡುತ್ತಾರೆಂಬುದು ಈ ದಾರಿಯ ದೊಡ್ಡ ಲಾಭ. ‘ಇದನ್ನ ನಾ ಮಾಡಿಕೊಡ್ತೇನ್ರಿ, ಇದು ಮಾತ್ರ ನನ್ನ ಕೈಲಿ ಆಗೂದಿಲ್ರಿ’ ಎಂದು ಅವರು ಅಲ್ಲೇ ಹೇಳಿಬಿಡುತ್ತಾರೆ. ಹೋಗುವವರು ಹಗಲಿನಲ್ಲೇ ನೋಡಬೇಕು, ತೊಳೆದು ಒದ್ದೆಯಾಗಿರುವ ಗಾಡಿಯನ್ನು ಒಣಗುವವರೆಗೆ ಕಾದು ನೋಡಬೇಕು, ಹತ್ತು ಕಿಲೋಮೀಟರಾದರೂ ಓಡಿಸಿ ನೋಡಬೇಕು. ಒಂದು ಕಷ್ಟವಿದೆ: ಅಷ್ಟು ದೂರ ಹೋದ ಮೇಲೆ ಬರಿಗೈಲಿ ಬರಲು ಮನಸ್ಸು ಒಪ್ಪುವುದಿಲ್ಲ. ಅದಕ್ಕಾಗಿಯೇ ಮೊದಲ ಜರಡಿ ಮುಗಿಸಿ ಹೋಗಬೇಕು, ಮತ್ತು ಮಿಸ್ತ್ರಿ ಬೇಡವೆಂದರೆ ಬೇಡ ಎಂದು ಹೊರಡುವ ಮುನ್ನವೇ ಮನೆಯಲ್ಲಿ ಹೇಳಿ ಹೊರಡಬೇಕು.

ಸಿದ್ಧಪಡಿಸಿ ಮಾರುವವರಿಂದ ಕೊಂಡರೆ ಬೆಲೆ ಬಹಳ ಹೆಚ್ಚು, ತಲೆನೋವು ಕಡಿಮೆ. ಇಲ್ಲಿ ಕೇಳಬೇಕಾದದ್ದು ಒಂದೇ: ಕೆಲಸ ನಡೆದಾಗಿನ ಫೋಟೋಗಳು. ಬಣ್ಣ ಕೆರೆದು ಬರಿತಗಡು ಕಾಣುವ ಹಂತದ, ನೆಲದ ತಗಡು ಕತ್ತರಿಸಿ ಬೆಸೆದ ಹಂತದ ಚಿತ್ರಗಳನ್ನು ಪ್ರಾಮಾಣಿಕ ಕೆಲಸಗಾರರು ಹೆಮ್ಮೆಯಿಂದ ತೋರಿಸುತ್ತಾರೆ. ಬಣ್ಣ ಮುಗಿದ ಮೇಲಿನ ಫೋಟೋಗಳು ಮಾತ್ರ ಇದ್ದರೆ ಅದನ್ನು ಮೊದಲ ದಾರಿಯ ಗಾಡಿಯೆಂದೇ ಭಾವಿಸಿ ಪರೀಕ್ಷಿಸಬೇಕು.

ಕೊನೆಯದು ನಮ್ಮ ಸುತ್ತಲಿನ ಗಾಡಿಗಳು. ಗದಗ-ಬೆಟಗೇರಿಯ ಹಳೆಯ ವ್ಯಾಪಾರಸ್ಥರ ಮನೆಗಳಲ್ಲಿ, ಲಕ್ಷ್ಮೇಶ್ವರ, ರಾಣೆಬೆನ್ನೂರು, ಬ್ಯಾಡಗಿಯ ಗೋದಾಮುಗಳ ಹಿಂದೆ, ಧಾರವಾಡದ ಹಳೆಯ ವೈದ್ಯರ, ವಕೀಲರ ಬಂಗಲೆಗಳ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ನಿಂತ ಗಾಡಿಗಳು ಇನ್ನೂ ಇವೆ. ಅವು ಯಾವ ಜಾಹೀರಾತಿಗೂ ಬರುವುದಿಲ್ಲ. ಅವುಗಳ ಇತಿಹಾಸ ಓಣಿಯವರಿಗೆಲ್ಲ ಗೊತ್ತಿರುತ್ತದೆ. ನಾಲ್ಕು ಭಾನುವಾರ ಹೋಗಿ ನೋಡಬಹುದು, ಎನ್‌ಒಸಿಯಾಗಲೀ ಹೊರರಾಜ್ಯದ ತೆರಿಗೆಯಾಗಲೀ ಬರುವುದಿಲ್ಲ. ಹಾನಗಲ್, ಕಲಘಟಗಿಯಂಥ ಮಳೆಯ ಸೆರಗಿನ ಊರುಗಳನ್ನು ಬಿಟ್ಟರೆ ತಗಡೂ ಒಣಗಿಯೇ ಇರುತ್ತದೆ. ತೊಡಕು ಬರುವುದು ಕಾಗದಪತ್ರದಲ್ಲಿ. ಗಾಡಿ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ, ವಾರಸುದಾರರು ಮೂರು ಊರುಗಳಲ್ಲಿ ಚದುರಿರುತ್ತಾರೆ. ಮೊದಲು ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ಆಗಿ, ಆಮೇಲೆ ನಮ್ಮ ಹೆಸರಿಗೆ ಆಗಬೇಕು. ಮೂರು ಅಕ್ಷರಗಳ ಹಳೆಯ ನಂಬರಿನ ಗಾಡಿಯ ದಾಖಲೆ ಕಂಪ್ಯೂಟರಿಗೆ ಏರಿರದಿದ್ದರೆ, ಹಳೆಯ ರಿಜಿಸ್ಟರ್ ಹುಡುಕಿಸಿ ಏರಿಸುವ ಕೆಲಸವೂ ಸೇರುತ್ತದೆ. ತಾಳ್ಮೆಯಿದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬರುವ ದೀಪಾವಳಿಗೇ ಗಾಡಿ ಬಾಗಿಲಲ್ಲಿರಬೇಕೆನ್ನುವವರಿಗೆ ಇದು ಒಗ್ಗುವುದಿಲ್ಲ.

ಯಾರಿಗೆ ಯಾವುದು?

ಒಂದೂವರೆ-ಎರಡು ಲಕ್ಷದೊಳಗೆ ಮೊದಲ ಹಳೆಯ ಗಾಡಿ ಕೊಳ್ಳುವವರು ಸ್ಥಳೀಯ ಗಾಡಿಯನ್ನೇ ಹುಡುಕಲಿ. ಸಿಗದಿದ್ದರೆ ಬೆಂಗಳೂರು ಅಥವಾ ಪುಣೆಯ ಅಂತರದೊಳಗಿನದನ್ನು ಸ್ವತಃ ಹೋಗಿ ತರಲಿ. ಈ ಬಜೆಟ್ಟಿನಲ್ಲಿ ತಪ್ಪಿಗೆ ಜಾಗವಿಲ್ಲ, ತಗಡಿನ ಕೆಲಸವೊಂದೇ ಗಾಡಿಯ ಬೆಲೆಯ ಸಮೀಪ ಹೋಗಿ ನಿಲ್ಲುತ್ತದೆ. ಬೆಲೆಯ ಮೂರನೆಯ ಒಂದು ಭಾಗವನ್ನು ಮೊದಲ ವರ್ಷದ ಕೆಲಸಕ್ಕೆಂದು ಬದಿಗಿಡದೆ ಯಾವ ದಾರಿಗೂ ಇಳಿಯಬಾರದು. ನಿವೃತ್ತರಾಗಿ, ಹತ್ತಿರ ಹತ್ತಿರ ಓಡಿಸುವ ಆಸೆಯಿಂದ, ಗ್ಯಾರೇಜಿಗೆ ಅಲೆಯುವ ಶಕ್ತಿಯಿಲ್ಲದೆ ಇರುವ ಹಿರಿಯರಿಗೆ ಸಿದ್ಧಪಡಿಸಿದ ಗಾಡಿಯ ಹೆಚ್ಚಿನ ಬೆಲೆ ವ್ಯರ್ಥವಲ್ಲ. ಮಾರುವವರು ಪೆಟ್ರೋಲ್ ಪೈಪುಗಳನ್ನೂ ಕಾರ್ಬ್ಯುರೇಟರಿನ ರಬ್ಬರ್ ಭಾಗಗಳನ್ನೂ ಶೇ 20ರ ಎಥನಾಲ್ ಮಿಶ್ರಿತ ಪೆಟ್ರೋಲಿಗೆ ತಾಳುವಂಥವಕ್ಕೆ ಬದಲಿಸಿದ್ದಾರೆಯೇ ಎಂದು ಕೇಳಬೇಕು, ಹಳೆಯ ರಬ್ಬರನ್ನು ಅದು ಬೇಗ ತಿನ್ನುತ್ತದೆ. ಸ್ವಂತ ಶೆಡ್ಡು, ಉಪಕರಣ, ಅನುಭವ ಎಲ್ಲ ಇದ್ದು, ಬಿಚ್ಚಿ ಕಟ್ಟುವುದರಲ್ಲೇ ಸಂತೋಷ ಕಾಣುವವರಿಗೆ ಪರವೂರಿನ ಮಿಸ್ತ್ರಿಯ ವರದಿ ಸಾಕು. ಅವರು ತಗಡಿಗಿಂತ ಕಾಗದಪತ್ರಕ್ಕೆ ಹೆಚ್ಚು ಗಮನ ಕೊಡಲಿ.

ಮದುವೆಯ ಮೆರವಣಿಗೆಗೆ ಬಾಡಿಗೆ ಕೊಟ್ಟು ದುಡಿಸಿಕೊಳ್ಳುವ ಯೋಚನೆಯಿಂದ ಕೇಳುವವರೂ ಇದ್ದಾರೆ. ಖಾಸಗಿ ನೋಂದಣಿಯ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ವಿಎ ಸಂಖ್ಯೆಯದನ್ನಂತೂ ಇಲ್ಲವೇ ಇಲ್ಲ. ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತೊಡಕಾಗುತ್ತದೆ. ಆ ಲೆಕ್ಕದ ಮೇಲೆ ಬೆಲೆ ಕಟ್ಟಬೇಡಿ.

ಹಣ ಕೊಡುವ ಕ್ರಮ

ಗಾಡಿ ಒಪ್ಪಿತವಾದ ಮೇಲೂ ಹಣ ಹಂತಹಂತವಾಗಿ ಹೋಗಬೇಕು. ಇಸಾರವನ್ನು ಸಣ್ಣ ಮೊತ್ತದಲ್ಲಿ, ಆರ್‌ಸಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಕಳಿಸಬೇಕು. ‘ನನ್ನ ಅಳಿಯನ ಖಾತೆಗೆ ಹಾಕಿ’ ಎಂದರೆ ಒಪ್ಪಬಾರದು. ಸೈನ್ಯದಲ್ಲಿದ್ದೇನೆ, ವರ್ಗಾವಣೆಯಾಗಿದೆ, ಗಾಡಿಯನ್ನು ಸೈನ್ಯದ ಲಾರಿಯಲ್ಲೇ ಕಳಿಸುತ್ತೇನೆ, ಸಾಗಣೆಯ ಹಣ ಮಾತ್ರ ಮೊದಲು ಹಾಕಿ ಎಂಬ ಕಥೆ ಹಳೆಯ ವಂಚನೆ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದಾಗಲೀ ಯುಪಿಐ ಪಿನ್ ಒತ್ತುವುದಾಗಲೀ ಎಂದಿಗೂ ಬೇಕಿಲ್ಲ, ಪಿನ್ ಒತ್ತಿದರೆ ನಮ್ಮ ಖಾತೆಯಿಂದಲೇ ಹಣ ಹೋಗುತ್ತದೆ. ಮೋಸವಾಯಿತೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಮೊದಲ ಕೆಲವು ಗಂಟೆಗಳಲ್ಲಿ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಇರುತ್ತದೆ.

ಉಳಿದ ಹಣವನ್ನು ನಮೂನೆ 29 ಮತ್ತು 30ರ ಸಹಿಗಳು, ಎನ್‌ಒಸಿ, ಸಾಲವಿದ್ದಿದ್ದರೆ ಬ್ಯಾಂಕಿನ ನಮೂನೆ 35, ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಉಜ್ಜಿ ತೆಗೆದ ಪೆನ್ಸಿಲ್ ಅಚ್ಚು ಇವೆಲ್ಲ ಕೈಗೆ ಬಂದ ಮೇಲೆ ಕೊಡಬೇಕು. ‘ಖಾಲಿ ಫಾರಂಗೆ ಸಹಿ ಮಾಡಿ ಕೊಡುತ್ತೇನೆ, ಬೇಕಾದಾಗ ಹೆಸರು ಮಾಡಿಸಿಕೊಳ್ಳಿ’ ಎನ್ನುವವರಿಗೆ, ಅಪಘಾತ ಪರಿಹಾರದ ವಿಷಯದಲ್ಲಿ ನೋಂದಣಿಯಲ್ಲಿ ಹೆಸರಿದ್ದವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದನ್ನು ತಿಳಿಸಿ. ಹೆಸರು ಬೇಗ ಬದಲಾಗುವುದು ಅವರ ಹಿತಕ್ಕೂ ಒಳ್ಳೆಯದೆಂದು ಒಪ್ಪುವವರೇ ಹೆಚ್ಚು. ಗಾಡಿಯನ್ನು ಲಾರಿಗೆ ಏರಿಸುವ ಮುಂಚೆ ನಾಲ್ಕೂ ಕಡೆಯಿಂದ ವಿಡಿಯೋ ತೆಗೆಸಿ, ಸಾಗಣೆಯ ವಿಮೆ ಮಾಡಿಸಿ. ಹುಬ್ಬಳ್ಳಿಯಲ್ಲಿ ಇಳಿಸುವ ಮುಂಚೆ, ಎಷ್ಟೇ ರಾತ್ರಿಯಾಗಿದ್ದರೂ, ಲಾರಿಯ ಮೇಲೇ ಹತ್ತಿ ಚಾಸಿ ಸಂಖ್ಯೆಯನ್ನು ಪೆನ್ಸಿಲ್ ಅಚ್ಚಿನ ಜೊತೆ ತಾಳೆ ನೋಡಿ, ಆಮೇಲೆಯೇ ಚಾಲಕನ ರಸೀದಿಗೆ ಸಹಿ ಹಾಕಿ.